ತಿಂಗಳಾದರೂ ನಿಲ್ಲದ ಭೇದಿ: ಕ್ರೋನ್ಸ್ ಕಾಯಿಲೆಯನ್ನು ಗುರುತಿಸುವುದು ಹೇಗೆ?

ಮಳೆಗಾಲದಲ್ಲಿ ಮಲೆನಾಡಿನವರ ಹೊಟ್ಟೆ ಕೆಡುವುದು ದೊಡ್ಡ ಸುದ್ದಿಯೇನಲ್ಲ. ಬಾವಿಗೆ ಹೊಸ ನೀರು ಇಳಿದಿರುತ್ತದೆ, ಕಾಯಿಸದೆ ಕುಡಿದವರಿಗೆ ಎರಡು ದಿನ ಭೇದಿ. ದಾಳಿಂಬೆ ಕುಡಿಯ ತಂಬುಳಿ, ಗಂಜಿ, ಓಆರ್‌ಎಸ್ ನೀರು. ಮೂರನೇ ದಿನ ಎದ್ದು ತೋಟಕ್ಕೆ ಹೋಗುತ್ತಾರೆ. ಸೋಂಕಿನ ಭೇದಿಯ ಸ್ವಭಾವವೇ ಅಂಥದ್ದು. ಹೆಚ್ಚಿನವು ಕೆಲವೇ ದಿನಗಳಲ್ಲಿ, ತಡವೆಂದರೆ ಎರಡು ವಾರದೊಳಗೆ ನಿಲ್ಲುತ್ತವೆ.

ನಿಲ್ಲದಿದ್ದರೆ? ನಾಲ್ಕು ವಾರ ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ಭೇದಿ ಎಂದು ಲೆಕ್ಕ ಹಾಕುತ್ತಾರೆ. ಅಲ್ಲಿಂದ ಮುಂದೆ ಕಾರಣ ಹುಡುಕುವ ದಾರಿಯೇ ಬೇರೆ. ಕಾರಣ ಹಲವಾರು ಇರಬಹುದು. ಅದರಲ್ಲಿ ನಮ್ಮ ಕಡೆ ಹೆಚ್ಚು ಜನ ಹೆಸರೇ ಕೇಳದ ಒಂದು ಕ್ರೋನ್ಸ್ ಕಾಯಿಲೆ. ಜ್ವರ ಬಂದರೆ ಮಂಗನ ಕಾಯಿಲೆ ಇದ್ದೀತು ಅಂತ ಸೊರಬ, ಸಾಗರ, ತೀರ್ಥಹಳ್ಳಿಯ ಶಾಲೆ ಮಕ್ಕಳಿಗೂ ಗೊತ್ತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಅದನ್ನು ಪತ್ತೆ ಮಾಡಿದಾಗಿನಿಂದ ಹೇಳಿ ಹೇಳಿ ಎಲ್ಲರ ತಲೆಯಲ್ಲಿ ಕೂತಿದೆ. ಕರುಳಿನ ವಿಷಯವನ್ನು ಹಾಗೆ ಯಾರೂ ಹೇಳಿಕೊಟ್ಟಿಲ್ಲ. ಮೇಲಾಗಿ ಮಲದ ಬಗ್ಗೆ ಮಾತಾಡಲು ನಮಗೆ ನಾಚಿಕೆ.

ಕ್ರೋನ್ಸ್ ಅಂದರೆ ಜೀರ್ಣನಾಳದ ಗೋಡೆಯಲ್ಲಿ ಉರಿಯೂತ ಎದ್ದು ಆರದೆ ಉಳಿಯುವ ಕಾಯಿಲೆ. 1932ರಲ್ಲಿ ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಆಸ್ಪತ್ರೆಯ ಮೂವರು ವೈದ್ಯರು 14 ರೋಗಿಗಳ ವಿವರ ಪ್ರಕಟಿಸಿದರು: ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಒಪೆನ್‌ಹೈಮರ್. ಅಕ್ಷರ ಕ್ರಮದಲ್ಲಿ ಕ್ರೋನ್ ಅವರ ಹೆಸರು ಮೊದಲು ಬಂತು, ಕಾಯಿಲೆಗೆ ಅದೇ ಉಳಿಯಿತು. ಸ್ಕಾಟ್ಲೆಂಡಿನ ಡಾಲ್ಜೀಲ್ ಎಂಬ ಶಸ್ತ್ರವೈದ್ಯರು 1913ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ಅವರ ಹೆಸರು ಈಗ ಯಾರಿಗೂ ನೆನಪಿಲ್ಲ.

ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ. ಆರೋಗ್ಯವಂತರ ರೋಗನಿರೋಧಕ ವ್ಯವಸ್ಥೆ ಅವುಗಳ ತಂಟೆಗೆ ಹೋಗುವುದಿಲ್ಲ. ಕ್ರೋನ್ಸ್ ಇರುವವರಲ್ಲಿ ಅದು ಸುಮ್ನೆ ಕೂರುವುದಿಲ್ಲ. ಅಲ್ಲಿ ಶತ್ರು ಇದೆ ಎಂಬಂತೆ ಕಾದಾಡುತ್ತದೆ, ಪೆಟ್ಟು ತಿನ್ನುವುದು ಕರುಳಿನ ಗೋಡೆ. ಹೀಗಾಗುವುದರಲ್ಲಿ ವಂಶದ ಪಾಲಿದೆ, ಪರಿಸರದ ಪಾಲೂ ಇದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಬರುವ ಸಂಭವ ಜಾಸ್ತಿ, ಬಂದ ಮೇಲೆ ಕೆರಳುವುದೂ ಜಾಸ್ತಿ. ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅಲ್ಲ. ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ. ಖಾರ ತಿಂದದ್ದಕ್ಕೆ ಬಂತು, ಟೆನ್ಶನ್ ಮಾಡಿಕೊಂಡದ್ದಕ್ಕೆ ಬಂತು ಅಂತ ರೋಗಿಯನ್ನು ಬೈಯುವುದೂ ಸರಿಯಲ್ಲ. ಹೆಚ್ಚಾಗಿ 15ರಿಂದ 35 ವಯಸ್ಸಿನೊಳಗೆ ಕಾಣಿಸಿಕೊಳ್ಳುತ್ತದೆ. ಆದರೆ ಯಾವ ವಯಸ್ಸಿನಲ್ಲೂ ಬರಬಹುದು.

ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಇದು ಏಳಬಹುದು. ಹೆಚ್ಚಾಗಿ ಹಿಡಿಯುವ ಜಾಗ ಮಾತ್ರ ಒಂದಿದೆ: ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಮೂಲೆ. ಹೊಟ್ಟೆಯ ಬಲಭಾಗದಲ್ಲಿ, ಹೊಕ್ಕುಳಿಗಿಂತ ಕೆಳಗೆ. ಈ ಜಾಗ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಮಳೆಗಾಲ ಮುಗಿದ ಮೇಲೆ ನಮ್ಮ ಘಟ್ಟದ ರಸ್ತೆ ಹೇಗಿರುತ್ತದೆ ನೋಡಿದ್ದೀರಲ್ಲ? ಒಂದಷ್ಟು ದೂರ ಚೆನ್ನಾಗಿರುತ್ತದೆ, ಆಮೇಲೆ ಡಾಂಬರು, ಜಲ್ಲಿ ಎಲ್ಲ ಕಿತ್ತು ಕೆಳಗಿನ ಮಣ್ಣು ಕಾಣುವ ಗುಂಡಿ, ಮತ್ತೆ ಚೆನ್ನಾದ ರಸ್ತೆ. ಕ್ರೋನ್ಸ್ ಹಿಡಿದ ಕರುಳೂ ಹೀಗೆಯೇ. ಅಲ್ಲಲ್ಲಿ ಬಿಟ್ಟು ಬಿಟ್ಟು ಹಾಳಾಗಿರುತ್ತದೆ, ಹಾಳಾದ ಕಡೆ ಗೋಡೆಯ ಎಲ್ಲ ಪದರಕ್ಕೂ ಇಳಿದಿರುತ್ತದೆ. ಇದರ ದಾಯಾದಿಯಾದ ಅಲ್ಸರೇಟಿವ್ ಕೊಲೈಟಿಸ್ ಹಾಗಲ್ಲ. ಅದು ದೊಡ್ಡ ಕರುಳಿನಲ್ಲಿ ಮಾತ್ರ ಇರುತ್ತದೆ, ಗುದದ ಕಡೆಯಿಂದ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹೋಗುತ್ತದೆ, ಒಳಗಿನ ಪದರವನ್ನಷ್ಟೇ ಹಿಡಿಯುತ್ತದೆ. ಕ್ರೋನ್ಸ್ ಆಳಕ್ಕೆ ಇಳಿಯುವುದರಿಂದಲೇ ಎರಡು ತೊಂದರೆ ಹುಟ್ಟುತ್ತವೆ. ಗಾಯ ಆರಿ, ಮತ್ತೆ ಎದ್ದು, ಮತ್ತೆ ಆರಿ ಕರುಳು ಆ ಜಾಗದಲ್ಲಿ ಬಿಗಿದು ಕಿರಿದಾಗುತ್ತದೆ. ಇಲ್ಲವೇ ಗೋಡೆ ತೂತಾಗಿ ಪಕ್ಕದ ಕರುಳಿಗೋ, ಚರ್ಮಕ್ಕೋ ದಾರಿ ಮಾಡಿಕೊಳ್ಳುತ್ತದೆ. ಇದಕ್ಕೆ ಫಿಸ್ಟುಲಾ ಅನ್ನುತ್ತಾರೆ.

ಲಕ್ಷಣಗಳು: ಮೊದಲು ಹೊಟ್ಟೆಯಲ್ಲಿ

ಭೇದಿಯಿಂದಲೇ ಶುರು ಮಾಡೋಣ. ಸಣ್ಣ ಕರುಳಿನಲ್ಲಿ ಕಾಯಿಲೆ ಇದ್ದರೆ ಮಲ ತೆಳ್ಳಗೆ, ನೀರಾಗಿ ಹೋಗಬಹುದು. ಅಂಥವರಲ್ಲಿ ರಕ್ತ ಕಾಣದೆಯೂ ಇರಬಹುದು. ದೊಡ್ಡ ಕರುಳಿಗೆ ಹಿಡಿದಿದ್ದರೆ ಲೋಳೆ, ರಕ್ತ, ತಡೆಯಲಾಗದ ಅವಸರ. ರಕ್ತ ಕಾಣಲಿಲ್ಲ, ಹಾಗಾಗಿ ದೊಡ್ಡದೇನಲ್ಲ ಎನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ.

ದಿನಕ್ಕೆ ಎಷ್ಟು ಸಲ ಅನ್ನುವುದಕ್ಕಿಂತ ನನಗೆ ಮುಖ್ಯ ಅನಿಸುವ ಪ್ರಶ್ನೆ ಬೇರೆ: ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ? ನಮ್ಮ ಹಳೇ ಮನೆಗಳಲ್ಲಿ ಪಾಯಿಖಾನೆ ಹಿತ್ತಲಿನಲ್ಲಿ. ಆಷಾಢದ ಮಳೆಯಲ್ಲಿ ರಾತ್ರಿ ಎರಡು ಗಂಟೆಗೆ ಯಾರೂ ಖುಷಿಗಾಗಿ ಕೊಡೆ, ಟಾರ್ಚ್ ಹಿಡಿದು ಅಂಗಳ ದಾಟುವುದಿಲ್ಲ. ವಾರಗಟ್ಟಲೆ ಒಬ್ಬರು ಹೀಗೆ ಏಳುತ್ತಿದ್ದಾರೆಂದರೆ ಆ ಕರುಳಿನಲ್ಲಿ ನಿಜವಾದ ಗಾಯ ಇರುವ ಸಂಭವ ಹೆಚ್ಚು. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂದು ಕೇಳಿರುತ್ತೀರಿ. ಅದರಲ್ಲೂ ಹೊಟ್ಟೆ ನೋವು, ಭೇದಿ ಎರಡೂ ಇವೆ. ಆದರೆ ಐಬಿಎಸ್‌ನಲ್ಲಿ ಕರುಳಿನ ಗೋಡೆಗೆ ಗಾಯ ಆಗಿರುವುದಿಲ್ಲ. ಅದು ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ತೂಕ ಇಳಿಸುವುದಿಲ್ಲ, ಜ್ವರ ತರುವುದಿಲ್ಲ, ರಕ್ತ ಬೀಳಿಸುವುದಿಲ್ಲ. ಈ ನಾಲ್ಕರಲ್ಲಿ ಒಂದು ಇದ್ದರೂ ಬರೀ ಐಬಿಎಸ್ ಅಂತ ಕೂರಬೇಡಿ.

ನೋವು ಹೆಚ್ಚಾಗಿ ಬಲಗಡೆ ಕೆಳಗೆ, ಆ ಮೂಲೆಯಲ್ಲೇ. ಊಟವಾದ ಮೇಲೆ ಹಿಂಡಿದ ಹಾಗೆ ಬರುತ್ತದೆ. ಕರುಳು ಕಿರಿದಾಗಿದ್ದರೆ ಹೊಟ್ಟೆ ಉಬ್ಬಿ, ಒಳಗೆ ಗುಡುಗುಡು ಸದ್ದಾಗಿ, ಏನೋ ಸಿಕ್ಕಿಕೊಂಡು ಜಾರಿದಂತಾಗಿ ನೋವು ಇಳಿಯುತ್ತದೆ. ಕೆಲವರಿಗೆ ಆ ಜಾಗದಲ್ಲಿ ಗಟ್ಟಿಯಾಗಿ ಗಡ್ಡೆಯಂತೆ ಕೈಗೆ ಸಿಗುತ್ತದೆ. ಅಪೆಂಡಿಕ್ಸ್ ಇರುವುದೂ ಅಲ್ಲೇ ಆದ್ದರಿಂದ, ಅಪೆಂಡಿಕ್ಸ್ ಎಂದು ಆಪರೇಷನ್‌ಗೆ ಒಯ್ದ ಮೇಲೆ ಕ್ರೋನ್ಸ್ ಎಂದು ಗೊತ್ತಾದವರೂ ಇದ್ದಾರೆ.

ತಿಂದರೆ ನೋವು ಬರುತ್ತದೆ ಅಂತ ತಿನ್ನುವುದೇ ಕಡಿಮೆಯಾಗುತ್ತದೆ. ತಿಂದದ್ದೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ತೂಕ ಇಳಿಯುತ್ತದೆ. ಮದುವೆ ಮನೆಯಲ್ಲಿ ಸಿಕ್ಕ ನೆಂಟರು "ಎಂತ ಮಾರಾಯ, ಇಷ್ಟು ಸಣ್ಣ ಆಗಿದೀಯ?" ಅಂದಾಗಲೇ ಮನೆಯವರಿಗೂ ಹೊಳೆಯುವುದು. ದಿನಾ ನೋಡುವವರಿಗೆ ಕಾಣಿಸುವುದಿಲ್ಲ, ಅಲ್ವಾ. ಜೊತೆಗೆ ಸುಸ್ತು. ರಕ್ತ ಹೋಗಿ, ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ಸಣ್ಣ ಕರುಳಿನ ಆ ಕೊನೆಯ ಭಾಗವೇ ವಿಟಮಿನ್ ಬಿ12 ಹೀರಿಕೊಳ್ಳುವ ಜಾಗ. ಅದು ಹಾಳಾದರೆ ಬಿ12 ಕೂಡ ಇಳಿಯುತ್ತದೆ, ಕೈಕಾಲು ಜುಮ್ಮೆನ್ನುತ್ತದೆ. ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಇದ್ದರೆ ಮುಟ್ಟಿನ ಲೆಕ್ಕಕ್ಕೆ ಹಾಕಿ ಕಬ್ಬಿಣದ ಮಾತ್ರೆ ಕೊಟ್ಟು ಮುಗಿಸಿಬಿಡುತ್ತಾರೆ. ಮಾತ್ರೆ ನುಂಗುತ್ತಿದ್ದರೂ ಹಿಮೋಗ್ಲೋಬಿನ್ ಏರದಿದ್ದರೆ ಕರುಳಿನ ಕಡೆ ನೋಡಬೇಕು.

ಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮಕ್ಕಳಲ್ಲಿ ಭೇದಿ ಅಷ್ಟಾಗಿ ಇಲ್ಲದೆಯೇ ಬರೀ ಬೆಳವಣಿಗೆ ನಿಲ್ಲಬಹುದು. ಹೋದ ವರ್ಷದ ಯೂನಿಫಾರ್ಮ್ ಈ ವರ್ಷವೂ ಸರಿಯಾಗುತ್ತದೆ, ಓರಗೆಯವರು ಎತ್ತರವಾದರು ಇವನು ಆಗಲಿಲ್ಲ, ಮೈನೆರೆಯುವುದು ತಡವಾಯಿತು. ವಂಶದಲ್ಲೇ ಕುಳ್ಳು ಅಂತ ಬಿಡುವ ಮೊದಲು ಶಾಲೆಯಲ್ಲಿ ಬರೆದಿಟ್ಟ ಎತ್ತರ, ತೂಕದ ಲೆಕ್ಕ ತೆಗೆದು ಮಕ್ಕಳ ವೈದ್ಯರಿಗೆ ತೋರಿಸಿ.

ಹೊಟ್ಟೆಯ ಹೊರಗೆ

ಕಾಯಿಲೆ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಇಲ್ಲಿ. ತೀರ್ಥಹಳ್ಳಿ ಕಡೆಯ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಬಾಯಲ್ಲಿ ಪದೇ ಪದೇ ಹುಣ್ಣು. ಉಷ್ಣ ಆಗಿದೆ, ಎಳನೀರು ಕುಡಿ ಅಂದರು. ಎಲೆ ಅಡಿಕೆ ಹಾಕುವವನಾದರೆ ಸುಣ್ಣ ಜಾಸ್ತಿಯಾಯಿತು ಅಂದರು. ಮಂಡಿ, ಪಾದದ ಕೀಲು ಊದಿ ನೋವು. ಅಡಿಕೆ ಕೊನೆ ಕೊಯ್ಲಿನ ಕೆಲಸದ ಸುಸ್ತು ಅಂತ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಬಂತು. ಒಂದು ಕಣ್ಣು ಕೆಂಪಾಯಿತು. ಕಣ್ಣಿಗೆ ಡ್ರಾಪ್ಸ್. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಕೆಂಪಗೆ, ಮುಟ್ಟಿದರೆ ನೋಯುವ ಗಂಟುಗಳು. ತೋಟದಲ್ಲಿ ಏನೋ ಕಚ್ಚಿರಬೇಕು. ಗುದದ ಹತ್ತಿರ ಕುರು ಎದ್ದು ಒಡೆದು ಕೀವು ಸೋರಿತು. ಮೂಲವ್ಯಾಧಿ ಅಂತ ಬೋರ್ಡ್ ನೋಡಿ ಒಬ್ಬರ ಹತ್ತಿರ ಹೋದ. ಹೊಟ್ಟೆ ನೋವಿಗೆ ಗ್ಯಾಸ್ಟ್ರಿಕ್ ಮಾತ್ರೆ ಹೇಗೂ ಜೇಬಿನಲ್ಲೇ ಇದೆ.

ಆರು ತೊಂದರೆ, ಆರು ಕಡೆ ಔಷಧಿ. ಒಂದೊಂದಕ್ಕೂ ಹೇಳಿದ ಕಾರಣ ಕೇಳಲು ಸರಿಯಾಗಿಯೇ ಇದೆ. ಆದರೆ ಎಲ್ಲವನ್ನೂ ಒಬ್ಬರ ಮುಂದೆ ಒಟ್ಟಿಗೆ ಇಟ್ಟವರಿಲ್ಲ. ಕ್ರೋನ್ಸ್ ಬಾಯಿ, ಕೀಲು, ಕಣ್ಣು, ಚರ್ಮ ಎಲ್ಲದರಲ್ಲೂ ಕಾಣಿಸಿಕೊಳ್ಳಬಹುದು, ಕೆಲವರಲ್ಲಿ ಹೊಟ್ಟೆಯ ತೊಂದರೆಗೂ ಮೊದಲೇ. ಇವುಗಳಲ್ಲಿ ಯಾವುದೇ ಒಂದು ಲಕ್ಷಣ ತೋರಿಸಿ ಇದು ಕ್ರೋನ್ಸ್ ಎಂದು ಹೇಳಲಾಗುವುದಿಲ್ಲ. ಒಟ್ಟಿಗೆ ಇಟ್ಟಾಗ ಮಾತ್ರ ಗುರುತು ಸಿಗುತ್ತದೆ. ಕಣ್ಣು ಕೆಂಪಾಗಿ, ನೋಯುತ್ತಾ, ಬೆಳಕು ನೋಡಲಾಗದಿದ್ದರೆ ಮಾತ್ರ ಕಾಯಬೇಡಿ. ದೃಷ್ಟಿಗೇ ಅಪಾಯ ಆಗಬಹುದು. ಎಲೆ ಅಡಿಕೆ, ತಂಬಾಕು ಹಾಕುವವರ ಬಾಯಿಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ ಕ್ರೋನ್ಸ್ ಬಿಡಿ, ಕ್ಯಾನ್ಸರ್ ಅಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಬೇಕು.

ಗುದದ ತೊಂದರೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂಲವ್ಯಾಧಿ, ಬಿರುಕು, ಭಗಂದರ ಮೂರನ್ನೂ ನಾವು ಪೈಲ್ಸ್ ಎಂದೇ ಕರೆಯುತ್ತೇವೆ. ಕ್ರೋನ್ಸ್‌ನಲ್ಲಿ ಜಾಸ್ತಿ ಕಾಣುವುದು ಕೀವು ತುಂಬಿದ ಕುರು ಮತ್ತು ಭಗಂದರ, ಅಂದರೆ ಅದೇ ಫಿಸ್ಟುಲಾ. ಒಳಗಿನಿಂದ ಚರ್ಮದವರೆಗೆ ಸಣ್ಣ ಕೊಳವೆಯಾಗಿ ಒಳ ಉಡುಪಿನಲ್ಲಿ ಕೀವಿನ ಕಲೆ ಆಗುತ್ತಲೇ ಇರುತ್ತದೆ. ಭಗಂದರ ಬಂದ ಎಲ್ಲರಿಗೂ ಕ್ರೋನ್ಸ್ ಇರುವುದಿಲ್ಲ. ಆದರೆ ಆಪರೇಷನ್ ಆದರೂ ಮತ್ತೆ ಬಂತು, ಒಂದಕ್ಕಿಂತ ಹೆಚ್ಚು ತೂತು ಇವೆ, ಜೊತೆಗೆ ಭೇದಿಯೋ ತೂಕ ಇಳಿಯುವುದೋ ಇದೆ ಎಂದರೆ ಇನ್ನೊಂದು ಆಪರೇಷನ್‌ಗೆ ಮೊದಲು ಕರುಳು ಪರೀಕ್ಷೆ ಮಾಡಿಸಿ. ಕೆಳಗೆ ಬರೀ ಗಾಯ ಕೊಯ್ದು, ಮೇಲೆ ಕರುಳಿನ ಉರಿಯೂತ ಹಾಗೇ ಬಿಟ್ಟರೆ ಗಾಯ ಮಾಯುವುದು ಕಷ್ಟ.

ಇನ್ನೊಂದು ಮೋಸ ಇದೆ. ಕ್ರೋನ್ಸ್ ಕೆರಳುತ್ತದೆ, ತಾನಾಗಿಯೇ ತಗ್ಗುತ್ತದೆ, ತಿಂಗಳುಗಳ ನಂತರ ಮತ್ತೆ ಕೆರಳುತ್ತದೆ. ತಗ್ಗುವ ಹೊತ್ತಿನಲ್ಲಿ ಯಾವ ಕಷಾಯ ಕುಡಿಯುತ್ತಿದ್ದರೋ ಆ ಕಷಾಯಕ್ಕೆ ಒಳ್ಳೇ ಹೆಸರು. ಮುಂದಿನ ಸಲ ಅದೇ ಕಷಾಯ ಕೆಲಸ ಮಾಡದಿದ್ದರೆ ಪಥ್ಯ ಸರಿ ಮಾಡಲಿಲ್ಲ ಅಂತ ರೋಗಿಯ ಮೇಲೆ ತಪ್ಪು. ಹೀಗೆಯೇ ವರ್ಷಗಳು ಹೋಗಿಬಿಡುತ್ತವೆ. ತಂಬುಳಿ, ಜೀರಿಗೆ ಕಷಾಯದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೆಸರು, ವಿವರ ಏನೂ ಇಲ್ಲದ ಪೊಟ್ಟಣದ ಪುಡಿ, ಗುಳಿಗೆ ಬೇಡ. ಅದರಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ಲಕ್ಷಣ ಮುಚ್ಚಿಹೋಗಿ, ಕಾಯಿಲೆ ಒಳಗೇ ಮುಂದುವರಿಯುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳೂ ಕರುಳಿನ ಗಾಯವನ್ನು ಕೆರಳಿಸಬಹುದು. ನಮ್ಮ ಹುಡುಗ ಮಂಡಿ ನೋವಿಗೆ ನುಂಗಿದ್ದು ಅದನ್ನೇ ಇರಬೇಕು.

ಟಿಬಿಯೋ, ಕ್ರೋನ್ಸೋ?

ಅಮೆರಿಕ, ಯುರೋಪಿನ ವೈದ್ಯರಿಗೆ ಅಷ್ಟಾಗಿ ಕಾಡದ ಒಂದು ಪ್ರಶ್ನೆ ನಮ್ಮ ವೈದ್ಯರನ್ನು ಕಾಡುತ್ತದೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಕರುಳಿಗೂ ಬರುತ್ತದೆ. ಬಂದರೆ ಹೆಚ್ಚಾಗಿ ಹಿಡಿಯುವುದು ಅದೇ ಬಲಗಡೆಯ ಮೂಲೆಯನ್ನು. ಅದೇ ನೋವು, ಅದೇ ಜ್ವರ, ಅದೇ ತೂಕ ಇಳಿಕೆ. ಗುದದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿಯಲ್ಲೂ ಹುಣ್ಣುಗಳು ಒಂದೇ ತರಹ ಕಾಣಬಹುದು. ಬಯಾಪ್ಸಿಗೆ ತೆಗೆದ ಚೂರಿನಲ್ಲಿ ಎರಡರಲ್ಲೂ ಗ್ರ್ಯಾನುಲೋಮಾ ಎಂಬ ಜೀವಕೋಶಗಳ ಗಂಟು ಸಿಗಬಹುದು. ಟಿಬಿ ಬ್ಯಾಕ್ಟೀರಿಯಾ ಸಿಕ್ಕರೆ ಪ್ರಶ್ನೆ ಮುಗಿಯಿತು. ಆದರೆ ಕರುಳಿನ ಟಿಬಿಯಲ್ಲಿ ಅದು ಎಷ್ಟೋ ಸಲ ಸಿಗುವುದೇ ಇಲ್ಲ.

ಸುಳಿವುಗಳಿವೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಎದೆಯ ಎಕ್ಸ್‌ರೇಯಲ್ಲಿ ಕಲೆ ಇದ್ದರೆ ಟಿಬಿ ಕಡೆ ವಾಲುತ್ತದೆ. ವರ್ಷಗಳಿಂದ ಬಂದು ಹೋಗುತ್ತಿದ್ದರೆ, ಗುದದ ಸುತ್ತ ಭಗಂದರ ಇದ್ದರೆ, ಮಲದಲ್ಲಿ ರಕ್ತ ಇದ್ದರೆ ಕ್ರೋನ್ಸ್ ಕಡೆ. ಯಾವುದೂ ಪಕ್ಕಾ ಅಲ್ಲ. ತೀರ್ಮಾನ ಆಗದಿದ್ದಾಗ ವೈದ್ಯರು ಟಿಬಿ ಔಷಧಿ ಶುರು ಮಾಡಿ, ಎರಡು ಮೂರು ತಿಂಗಳಾದ ಮೇಲೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ನೋಡುವುದುಂಟು. ಮಾಗಿದ್ದರೆ ಟಿಬಿ. ಕೋರ್ಸ್ ಮುಗಿಸಿದರೆ ವಾಸಿಯಾಗುತ್ತದೆ. ಮಾಗದಿದ್ದರೆ ಕ್ರೋನ್ಸ್ ಬಗ್ಗೆ, ಟಿಬಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ ಬಗ್ಗೆ ಯೋಚಿಸುತ್ತಾರೆ. ಸ್ವಲ್ಪ ಆರಾಮ ಅನಿಸಿದರೆ ಸಾಲದು, ಒಳಗಿನ ಹುಣ್ಣು ನೋಡಲೇಬೇಕು.

ಮೊದಲು ಟಿಬಿ ಅಂದರು, ಈಗ ಕ್ರೋನ್ಸ್ ಅಂತಿದಾರೆ, ಡಾಕ್ಟರಿಗೇ ಗೊತ್ತಿಲ್ಲ ಅಂತ ಸಿಟ್ಟಾಗುವವರಿಗೆ ಹೇಳುವುದಿಷ್ಟು. ಉಲ್ಟಾ ಮಾಡಿದರೆ ಅಪಾಯ ಹೆಚ್ಚು. ಕ್ರೋನ್ಸ್‌ಗೆ ಕೊಡುವ ಸ್ಟೆರಾಯ್ಡ್ ಮತ್ತು ಬಯಾಲಾಜಿಕ್ ಇಂಜೆಕ್ಷನ್‌ಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಒಳಗೆ ಇರುವುದು ಟಿಬಿ ಆದರೆ ಅದು ಹರಡಲು ದಾರಿ ಬಿಟ್ಟಂತೆ. ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್‌ನಂಥ ಬಯಾಲಾಜಿಕ್ ಔಷಧಿ ಶುರು ಮಾಡುವ ಮೊದಲು ಅಡಗಿರುವ ಟಿಬಿಗೂ ಪರೀಕ್ಷೆ ಮಾಡುವುದು ಅದಕ್ಕೇ.

ಪರೀಕ್ಷೆಗೆ ಹೋಗುವಾಗ

ಕ್ರೋನ್ಸ್ ಹೌದೋ ಅಲ್ಲವೋ ಎಂದು ಒಂದೇ ಏಟಿಗೆ ಹೇಳುವ ರಕ್ತಪರೀಕ್ಷೆ ಇಲ್ಲ. ಹಿಮೋಗ್ಲೋಬಿನ್, ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ರಕ್ತಪರೀಕ್ಷೆ), ಬಿ12, ಸೋಂಕಿಗಾಗಿ ಮಲ ಪರೀಕ್ಷೆ, ಇವು ತಾಲ್ಲೂಕು ಮಟ್ಟದಲ್ಲೇ ಶುರುವಾಗಬಹುದು. ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಇನ್ನೊಂದು ಮಲ ಪರೀಕ್ಷೆ ಇದೆ. ಅದು ಸಹಜ ಮಟ್ಟದಲ್ಲಿದ್ದರೆ ಕರುಳಿನಲ್ಲಿ ಉರಿಯೂತ ಇರುವ ಸಂಭವ ಕಡಿಮೆ. ಜಾಸ್ತಿ ಇದ್ದರೆ ಉರಿಯೂತ ಇದೆ ಅನ್ನುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಸೋಂಕಿನಲ್ಲೂ ಏರುತ್ತದೆ, ನೋವಿನ ಮಾತ್ರೆ ನುಂಗಿದರೂ ಏರಬಹುದು. ಕೊನೆಗೆ ಬೇಕಾಗುವುದು ಕೊಲೊನೋಸ್ಕೋಪಿ. ದೊಡ್ಡ ಕರುಳು ದಾಟಿ ಸಣ್ಣ ಕರುಳಿನ ಕೊನೆಯ ಭಾಗವನ್ನೂ ನೋಡಿದರೇ, ಬಯಾಪ್ಸಿ ತೆಗೆದರೇ ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಅದು ತಲುಪದ ಭಾಗವನ್ನು ನೋಡಲು ಸಿಟಿ ಅಥವಾ ಎಂಆರ್ ಎಂಟೆರೋಗ್ರಫಿ, ಅಂದರೆ ಸಣ್ಣ ಕರುಳಿನ ಸ್ಕ್ಯಾನ್ ಇದೆ.

ಶಿವಮೊಗ್ಗ ಸುತ್ತಲಿನವರು ಮೆಗ್ಗಾನ್ ಆಸ್ಪತ್ರೆಗೋ, ಘಟ್ಟದ ಅಂಚಿನವರು ಆಗುಂಬೆ ಇಳಿದು ಮಣಿಪಾಲಕ್ಕೋ ಹೋಗುವುದು ರೂಢಿ. ಎಲ್ಲಿಗೇ ಹೋಗಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವಾಗಿನಿಂದ, ರಾತ್ರಿ ಏಳುತ್ತೀರಾ, ರಕ್ತ ಇದೆಯೇ, ತೂಕ ಎಷ್ಟಿತ್ತು ಈಗ ಎಷ್ಟು, ಬಾಯಿಹುಣ್ಣು, ಕೀಲು, ಕಣ್ಣು, ಗುದದ ಗಾಯ, ನುಂಗಿದ ಎಲ್ಲ ಮಾತ್ರೆ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ. ಹಳೇ ರಿಪೋರ್ಟ್ ಎಲ್ಲ ಕಟ್ಟಿಕೊಂಡು ಹೋಗಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ಗಾಳಿಯೂ ಹೋಗದಿದ್ದರೆ, ತಡೆಯಲಾಗದ ನೋವಿನ ಜೊತೆ ಜೋರು ಜ್ವರ ಇದ್ದರೆ, ರಕ್ತ ಧಾರಾಳವಾಗಿ ಹೋಗುತ್ತಿದ್ದರೆ ಹಾಳೆ, ರಿಪೋರ್ಟ್ ಎಲ್ಲ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೊರಡಿ.

ಕ್ರೋನ್ಸ್ ಎಂದೇ ಖಚಿತವಾದರೆ ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ, ಹತೋಟಿಯಲ್ಲಿಡುವ ಔಷಧಿಗಳಿವೆ. ಸರಿಯಾಗಿ ತೆಗೆದುಕೊಂಡು ಕೆಲಸ, ಮದುವೆ, ಮಕ್ಕಳು ಎಲ್ಲ ನಡೆಸುತ್ತಿರುವವರು ಬೇಕಾದಷ್ಟು ಜನ. ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಬೀಡಿ ಬಿಡಲೇಬೇಕು.

ಕೊಲೊನೋಸ್ಕೋಪಿಗೆ ದಿನ ಗೊತ್ತಾದರೆ ಇಷ್ಟು ನೆನಪಿರಲಿ. ಕಬ್ಬಿಣದ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆ ಇದ್ದರೆ ಮೊದಲೇ ತಿಳಿಸಿ. ಹಿಂದಿನ ದಿನ ತಿಳಿಯಾದ ದ್ರವ ಮಾತ್ರ. ಸೋಸಿದ ಎಳನೀರು ಆಗಬಹುದು, ಹಾಲು ಆಗದು. ಮುರುಗಲು ಹಣ್ಣಿನ ಪಾನಕವನ್ನಂತೂ ಕುಡಿಯಲೇಬೇಡಿ. ಅದರ ಕೆಂಪು ಕರುಳಿನಲ್ಲಿ ರಕ್ತದಂತೆ ಕಾಣುತ್ತದೆ. ಹೊಟ್ಟೆ ಖಾಲಿ ಮಾಡುವ ಔಷಧಿ ಕುಡಿದ ಮೇಲೆ ಮತ್ತೆ ಮತ್ತೆ ಓಡಬೇಕಾಗುತ್ತದೆ. ಹಾಗಾಗಿ ಬೆಳಗಿನ ಜಾವ ಔಷಧಿ ಕುಡಿದು ಮೊದಲ ಬಸ್ ಹತ್ತುವ ಯೋಚನೆ ಬಿಟ್ಟುಬಿಡಿ. ಹಿಂದಿನ ಮಧ್ಯಾಹ್ನವೇ ಪೇಟೆಗೆ ಹೋಗಿ, ಪಾಯಿಖಾನೆ ಮನೆಯೊಳಗೇ ಇರುವ ನೆಂಟರನ್ನು ನೋಡಿಕೊಂಡು ಉಳಿಯಿರಿ.